ಪೇರೆಂಟ್ಸ್ ವೆಯಿಟಿಂಗ್ ಏರಿಯಾ ಆ ಕಡೆ

ಕಳೆದ ವರ್ಷ ಮೇ ತಿಂಗಳಲ್ಲಿ ಚೆನ್ನೈನ ಒಂದು ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ನನ್ನನ್ನು ತಡೆದರು. ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡಿದ್ದ ಹುಡುಗ ಮರ್ಯಾದೆಯಿಂದಲೇ ಹೇಳಿದ, "ಮೇಡಂ, ಪೇರೆಂಟ್ಸ್ ವೆಯಿಟಿಂಗ್ ಏರಿಯಾ ಆ ಕಡೆ. ಒಳಗೆ ಪ್ಲೇಯರ್ಸ್ ಮಾತ್ರ." ಗೋಡೆಗೆ ಅಂಟಿಸಿದ್ದ ಪೇರಿಂಗ್ ಪಟ್ಟಿಯನ್ನು ತೋರಿಸಿ, "74ನೇ ಬೋರ್ಡ್, ಅದು ನಾನೇ" ಅಂದೆ. ಅವನು ಪಟ್ಟಿ ನೋಡಿದ, ನನ್ನನ್ನು ನೋಡಿದ, ಹಿಂದೆ ತಿರುಗಿ ಯಾರನ್ನೋ ಕೇಳಿದ, ಆಮೇಲೆ ಒಳಗೆ ಬಿಟ್ಟ.

ಅದು 1600ಕ್ಕಿಂತ ಕಡಿಮೆ ರೇಟಿಂಗ್ ಇರುವವರ ಚೆಸ್ ಪಂದ್ಯಾವಳಿ. ಐದು ದಿನ, ಒಂಬತ್ತು ಸುತ್ತು. ಆಫೀಸಿಗೆ ಮೂರು ದಿನ ರಜೆ ಹಾಕಿದ್ದೆ. ಯಾಕೆ ಎಂದು ಮ್ಯಾನೇಜರ್ ಕೇಳಿದಾಗ "ಪರ್ಸನಲ್" ಅಂದಿದ್ದೆ. ಮೂವತ್ತೆಂಟರ ಹೆಂಗಸು ಚೆಸ್ ಆಡಲು ರಜೆ ಹಾಕುತ್ತಾಳೆ ಎಂದು ಹೇಳಲು ನಾಚಿಕೆಯಾಗಿತ್ತು, ಸುಳ್ಳು ಯಾಕೆ. ನನ್ನ ಎದುರಾಳಿ ಒಂಬತ್ತು ವರ್ಷದ ಹುಡುಗಿ. ಎರಡು ಜಡೆ, ಕುರ್ಚಿಯ ಮೇಲೆ ಕೂತರೆ ಕಾಲು ನೆಲ ಮುಟ್ಟುವುದಿಲ್ಲ. ಬೋರ್ಡಿನ ಆ ತುದಿ ಎಟುಕಬೇಕಾದರೆ ಎದ್ದು ನಿಲ್ಲುತ್ತಿದ್ದಳು. ನಾನು ಲಂಡನ್ ಸಿಸ್ಟಮ್ ಆಡಿದೆ. ಓಪನಿಂಗ್ ಓದಲು ಸಮಯ ಇಲ್ಲದ ದೊಡ್ಡವರೆಲ್ಲ ಆಡುವುದು ಅದನ್ನೇ. ನನ್ನ ಒಂಟೆ ಸಿ1 ಮನೆ ಬಿಟ್ಟು ಎಫ್4ಕ್ಕೆ ಹೋದ ಮೇಲೆ ಬಿ2ರ ಕಾಲಾಳಿಗೆ ಕಾವಲಿಲ್ಲ. ಅವಳು ಮಂತ್ರಿಯನ್ನು ಬಿ6ಕ್ಕೆ ತಂದಳು. ನಾನು ನನ್ನದೇ ಯೋಜನೆಯಲ್ಲಿ ಮುಳುಗಿ ಮತ್ತೊಂದು ಕಡೆ ಆಡಿದೆ. ಅವಳು ಎದ್ದು ನಿಂತು ಬಿ2ರ ಕಾಲಾಳನ್ನು ಹೊಡೆದು ಕೂತಳು. ಆ ಮಂತ್ರಿಯನ್ನು ಹಿಡಿಯುತ್ತೇನೆಂದು ಅಟ್ಟಿಸಿಕೊಂಡು ಹೋಗಿ ಒಂದು ಕುದುರೆಯನ್ನೂ ಕಳೆದುಕೊಂಡೆ. 23ನೇ ನಡೆಗೆ ಕೈ ಕುಲುಕಿದೆ. ಸ್ಕೋರ್‌ಶೀಟಿಗೆ ಸಹಿ ಹಾಕುವಾಗ ಅವಳು ಕೇಳಿದಳು, "ಆಂಟಿ, ನಿಮ್ಮ ಮಗ ಯಾವ ಬೋರ್ಡ್?"

ಮಗ ಯಾವ ಬೋರ್ಡಿನಲ್ಲೂ ಇರಲಿಲ್ಲ. ಆ ಹೊತ್ತಿಗೆ ಅವನು ಚೆಸ್ ಬಿಟ್ಟು ಒಂದೂವರೆ ವರ್ಷವಾಗಿತ್ತು. ಬಿಡಿಸಿದ್ದು ನಾನು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನ್ನ ಅಜ್ಜನ ಮನೆ ಸಾಗರದ ಹತ್ತಿರ. ಮಳೆಗಾಲದ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಬಟ್ಟೆಯ ಹಾಸು ಬಿಚ್ಚಿ ಅಜ್ಜ ಮತ್ತು ಪಕ್ಕದ ಮನೆಯವರು ಚದುರಂಗ ಆಡುತ್ತಿದ್ದರು. ಅವರ ಆಟದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಮುಂದೆ ಹೋಗಬೇಕು. ರಾಜನಿಗೆ ಆಟದಲ್ಲಿ ಒಮ್ಮೆ ಕುದುರೆಯ ಹಾಗೆ ಹಾರಲು ಅವಕಾಶ. ಕಾಲಾಳು ಕೊನೆಯ ಮನೆ ಮುಟ್ಟಿದರೆ ಆ ಸಾಲಿನ ಕಾಯಿ ಯಾವುದೋ ಅದೇ ಆಗುತ್ತದೆ, ಬೇಕಾದದ್ದನ್ನು ಕೇಳುವ ಹಾಗಿಲ್ಲ. ಇಂಥ ನಿಯಮಗಳು ದೇಶದ ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಇದ್ದವು ಎಂದು ಆಮೇಲೆ ತಿಳಿಯಿತು. ಅಜ್ಜ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ನಾನು ಕಾಫಿ ಲೋಟ ತಂದಿಟ್ಟು, ಲೋಟ ಖಾಲಿಯಾಗುವವರೆಗೂ ನಿಂತು ನೋಡುತ್ತಿದ್ದೆ. ಯಾರೂ ಹೋಗು ಅನ್ನಲಿಲ್ಲ, ಕೂತುಕೋ ಅಂತಲೂ ಅನ್ನಲಿಲ್ಲ. ನಮ್ಮ ಜಿಲ್ಲೆಯ ಸ್ಟ್ಯಾನಿ 2018ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದ ಸುದ್ದಿಯನ್ನು ಅಣ್ಣ ವಾಟ್ಸಪ್‌ನಲ್ಲಿ ಕಳಿಸಿದಾಗ ನೆನಪಾದದ್ದು ಆ ಕಾಫಿ ಲೋಟಗಳೇ.

ಚೆನ್ನೈಗೆ ಕೆಲಸಕ್ಕೆಂದು ಬಂದದ್ದು 2013ರಲ್ಲಿ. ಆ ನವೆಂಬರ್‌ನಲ್ಲೇ ಇಲ್ಲಿ ಆನಂದ್ ಮತ್ತು ಕಾರ್ಲ್‌ಸನ್ ನಡುವೆ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಆಫೀಸಿನ ಕ್ಯಾಬ್ ಡ್ರೈವರ್ ಕೂಡ ಆನಂದ್ ಸೋತದ್ದಕ್ಕೆ ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದರು. ಈ ಊರಿನಲ್ಲಿ ಚೆಸ್ ಎಂದರೆ ನಮ್ಮಲ್ಲಿ ಸಂಗೀತದ ಪಾಠ ಇದ್ದ ಹಾಗೆ, ಮಕ್ಕಳನ್ನು ಒಮ್ಮೆ ಕಳಿಸಿ ನೋಡುವುದೇ. 2022ರಲ್ಲಿ ಮಾಮಲ್ಲಪುರದಲ್ಲಿ ಒಲಿಂಪಿಯಾಡ್ ನಡೆದಾಗ ಕೂವಂ ನದಿಯ ಮೇಲಿನ ನೇಪಿಯರ್ ಸೇತುವೆಗೆ ಇಡಿಯಾಗಿ ಕಪ್ಪು ಬಿಳಿ ಚೌಕ ಬಳಿದಿದ್ದರು. ಪಂಚೆ ಉಟ್ಟು ಕೈ ಮುಗಿದು ನಿಂತ ಕುದುರೆ 'ತಂಬಿ'ಯ ಚಿತ್ರ ಎಲ್ಲೆಲ್ಲೂ. ಏಳು ವರ್ಷದ ಮಗ ಸೇತುವೆ ನೋಡಿ ಕಾರಿನಿಂದ ಇಳಿಯಲು ಹಟ ಹಿಡಿದ. ಮುಂದಿನ ತಿಂಗಳೇ ಕ್ಲಾಸಿಗೆ ಸೇರಿಸಿದೆವು.

ಅವನಿಗೆ ಆಟ ಚೆನ್ನಾಗಿಯೇ ಹಿಡಿಸಿತು. ತೊಂದರೆ ಶುರುವಾದದ್ದು ಪಂದ್ಯಾವಳಿಗಳಿಂದ. ಭಾನುವಾರ ಸಂಜೆ ಮನೆಗೆ ಬಂದು ಅವನ ಸ್ಕೋರ್‌ಶೀಟನ್ನು ಲ್ಯಾಪ್‌ಟಾಪಿಗೆ ಹಾಕಿ ಸ್ಟಾಕ್‌ಫಿಶ್ ಓಡಿಸುತ್ತಿದ್ದೆ. ಸ್ಟಾಕ್‌ಫಿಶ್ ಎಂದರೆ ಉಚಿತವಾಗಿ ಸಿಗುವ ಚೆಸ್ ಎಂಜಿನ್, ಇವತ್ತು ಯಾವ ಮನುಷ್ಯನೂ ಅದನ್ನು ಸೋಲಿಸಲಾರ. ನಡೆ ತಪ್ಪಾದಲ್ಲೆಲ್ಲ ಅದು ಕೆಂಪು ಬಣ್ಣದಲ್ಲಿ ಎರಡು ಪ್ರಶ್ನೆ ಚಿಹ್ನೆ ಹಾಕುತ್ತದೆ. ನನಗೆ ಆಗ ಆಟ ಸರಿಯಾಗಿ ಬರುತ್ತಿರಲಿಲ್ಲ, ಕೆಂಪು ಬಣ್ಣ ಮಾತ್ರ ಚೆನ್ನಾಗಿ ಕಾಣುತ್ತಿತ್ತು. "ಇಲ್ಲಿ ನೋಡು, ಇದು ಬ್ಲಂಡರ್. ಇಲ್ಲೂ. ಇದನ್ನ ಹೇಗೆ ನೋಡಲಿಲ್ಲ ನೀನು?" ಅವನು ಮೊದಮೊದಲು ಉತ್ತರ ಹೇಳುತ್ತಿದ್ದ. ಆಮೇಲೆ ಸುಮ್ಮನಾದ. ಆಮೇಲೆ ಸ್ಕೋರ್‌ಶೀಟ್ ಕಳೆದುಹೋಗತೊಡಗಿದವು. 2023ರ ಡಿಸೆಂಬರ್‌ನಲ್ಲಿ ಒಂದು ಸಂಜೆ, ನಾನು ಹಾಗೆಯೇ ಬೆರಳಿಟ್ಟು ತೋರಿಸುತ್ತಿರುವಾಗ, ಕೂಗಾಡದೆ ಹೇಳಿದ, "ನಿಂಗೆ ಅಷ್ಟೆಲ್ಲ ಗೊತ್ತಿದ್ರೆ ನೀನೇ ಆಡಮ್ಮ." ಜನವರಿಯಿಂದ ಕ್ಲಾಸಿಗೆ ಹೋಗಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ಶುಲ್ಕ ಮೂರು ತಿಂಗಳದ್ದು ಕಟ್ಟಿ ಆಗಿತ್ತು. ಅದರ ಬಗ್ಗೆ ಎರಡು ಮಾತು ಆಡಿದ್ದೂ ನಾನೇ.

ನೀನೇ ಆಡಮ್ಮ ಅಂದದ್ದನ್ನು ಅವನು ಎಂದೋ ಮರೆತಿದ್ದಾನೆ. ನಾನು ಆಡತೊಡಗಿದೆ. ಮೊದಲು ಸ್ವಲ್ಪ ಸಿಟ್ಟಿನಿಂದಲೇ.

ಮೊದಲ ಎಂಟು ತಿಂಗಳು ನಾನು ಕಲಿತದ್ದು ಸೊನ್ನೆ. ಅಡುಗೆಮನೆ ಮುಗಿಸಿ, ಅಮೆರಿಕದವರ ಜೊತೆಗಿನ ಕಾಲ್ ಮುಗಿಸಿ, ಹನ್ನೊಂದೂವರೆಗೆ ಹಾಸಿಗೆಯಲ್ಲಿ ಮೊಬೈಲ್ ಹಿಡಿದರೆ ಐದು ನಿಮಿಷದ ಆಟಗಳು. ಸೋತರೆ ಇನ್ನೊಂದು, ಸೋತದ್ದನ್ನು ವಾಪಸ್ ಪಡೆಯಲು. ಗೆದ್ದರೆ ಇನ್ನೊಂದು, ಗೆದ್ದ ಖುಷಿಗೆ. ಗಂಡ ಮಗ್ಗುಲು ಬದಲಾಯಿಸಿ "ಬೆಳಕು" ಅನ್ನುವವರೆಗೆ. ಹಗಲಲ್ಲಿ ಊಟದ ಹೊತ್ತಿಗೆ ಯೂಟ್ಯೂಬ್‌ನಲ್ಲಿ ಓಪನಿಂಗ್ ಬಲೆಗಳ ವಿಡಿಯೋ. ಆ ಬಲೆಗೆ ಬೀಳಬೇಕಾದರೆ ಎದುರಾಳಿ ವಿಡಿಯೋದಲ್ಲಿ ಇರುವ ಹಾಗೆಯೇ ಆಡಬೇಕು, ಯಾರೂ ಆಡುವುದಿಲ್ಲ. ಆನ್‌ಲೈನ್ ರೇಟಿಂಗ್ 640ರಿಂದ ಶುರುವಾಗಿ 780ಕ್ಕೆ ಬಂದು ಅಲ್ಲೇ ಕೂತಿತು. ಸಾವಿರಕ್ಕೂ ಹೆಚ್ಚು ಆಟ ಆಡಿದ್ದೆ.

ರೇಟಿಂಗ್ ಲೆಕ್ಕ ನನ್ನಂಥವರಿಗೆ ಬಹಳ ಇಷ್ಟವಾಗುವ ವಿಷಯ, ಅಲ್ಲೇ ಅಪಾಯವೂ ಇದೆ. ಈ ಪದ್ಧತಿ ರೂಪಿಸಿದ್ದು ಅಮೆರಿಕದಲ್ಲಿ ನೆಲೆಸಿದ್ದ ಹಂಗೇರಿ ಮೂಲದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾದ್ ಎಲೋ. ಚೆಸ್‌ನ ಅಂತಾರಾಷ್ಟ್ರೀಯ ಒಕ್ಕೂಟ ಫಿಡೆ ಇದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕ ಅಂತರ ಇದ್ದರೆ ಮೇಲಿನವರಿಗೆ ನಾಲ್ಕು ಆಟಕ್ಕೆ ಸುಮಾರು ಮೂರು ಪಾಯಿಂಟ್ ಬರಬೇಕು ಎಂಬ ನಿರೀಕ್ಷೆ. ಅದಕ್ಕಿಂತ ಹೆಚ್ಚು ಬಂದರೆ ರೇಟಿಂಗ್ ಏರುತ್ತದೆ, ಕಡಿಮೆ ಬಂದರೆ ಇಳಿಯುತ್ತದೆ. ಫಿಡೆ ಲೆಕ್ಕದಲ್ಲಿ ಹದಿನೆಂಟು ತುಂಬದ ಮಕ್ಕಳಿಗೆ, 2300 ದಾಟುವವರೆಗೆ, ಏರಿಳಿತದ ಗುಣಾಂಕ 40. ನನ್ನ ವಯಸ್ಸಿನವರಿಗೆ ಮೊದಲ ಮೂವತ್ತು ಆಟದ ನಂತರ 20. ಮಕ್ಕಳು ಬೇಗ ಬೆಳೆಯುತ್ತಾರೆ ಎಂಬುದನ್ನು ಸೂತ್ರದಲ್ಲೇ ಬರೆದಿಟ್ಟಿದ್ದಾರೆ! 2024ರ ಮಾರ್ಚ್‌ನಿಂದ ಫಿಡೆ ರೇಟಿಂಗಿನ ತಳ 1000ದಿಂದ 1400ಕ್ಕೆ ಏರಿದೆ. ಹಾಗಾಗಿ ನನ್ನಂಥವರು ಪಟ್ಟಿಯ ಬಾಗಿಲಲ್ಲೇ ನಿಂತಿರಬೇಕು.

ಬದಲಾವಣೆ ತಂದದ್ದು ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಸಾರ್. ಬ್ಯಾಂಕಿನಿಂದ ನಿವೃತ್ತರು, ಬ್ಯಾಂಕಿನ ತಂಡಕ್ಕೆ ಆಡಿದವರು. ಇಲ್ಲಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಒಂದು ಕಾಲಕ್ಕೆ ತಾಲ್ ಹೆಸರಿನ ಚೆಸ್ ಕ್ಲಬ್ ಇತ್ತು, ಹುಡುಗ ಆನಂದ್ ಪಳಗಿದ್ದು ಅಲ್ಲೇ. ಸಾರ್ ಕೂಡ ಆ ಕ್ಲಬ್ಬಿಗೆ ಹೋಗುತ್ತಿದ್ದರಂತೆ. ಮಗ ಕ್ಲಾಸ್ ಬಿಟ್ಟ ವಿಷಯ ಲಿಫ್ಟಿನಲ್ಲಿ ಮಾತಾಗಿ, ನಾನು ಆಡುತ್ತೇನೆ ಎಂದು ಬಾಯಿ ಬಿಟ್ಟೆ. "ಭಾನುವಾರ ಹತ್ತು ಗಂಟೆಗೆ ಬಾಮ್ಮಾ, ಫೋನ್ ಮನೇಲಿ ಇಟ್ಟು ಬಾ" ಅಂದರು.

ಮೊದಲ ಭಾನುವಾರ ದೊಡ್ಡ ಗೊಂದಲ. ನಾನು ಅಜ್ಜನ ಮನೆಯ ರೂಢಿಯಲ್ಲಿ ಮಂತ್ರಿ ಅನ್ನುವುದು ಕ್ವೀನ್‌ಗೆ. ತಮಿಳಿನಲ್ಲಿ ಮಂದಿರಿ ಎಂದರೆ ಬಿಷಪ್, ನಮ್ಮ ಒಂಟೆ. "ಮಂತ್ರಿಯನ್ನ ಕೊಟ್ಟು ಆನೆ ತಗೋತೀನಿ ಸಾರ್" ಅಂದರೆ ಅವರು "ಸೂಪರ್!" ಎಂದು ತಲೆದೂಗಿದರು. ನಾನು ಮುಟ್ಟಿದ ಕಾಯಿ ನೋಡಿ ಅವರ ಮುಖ ಬಿಳಿಚಿತು. ಅವತ್ತಿನಿಂದ ಮನೆಗಳ ಹೆಸರು ಹೇಳಿ ಮಾತಾಡುವುದೆಂದು ತೀರ್ಮಾನವಾಯಿತು. ಇ4, ಎಫ್6. ಅಂದ ಹಾಗೆ, ಬೋರ್ಡಿನ ಚೌಕಕ್ಕೆ ನಾವು ಮನೆ ಅನ್ನುತ್ತೇವಲ್ಲ, ಅದು ಅವರಿಗೆ ತುಂಬ ಇಷ್ಟವಾಯಿತು. ಮನೆಗಳ ಹೆಸರು ನನ್ನ ತಲೆಗೆ ಇಳಿಯಲೆಂದು ಒಂದು ಕಸರತ್ತು ಕೊಟ್ಟರು: ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಕುದುರೆ ನಡಿಗೆಯ ಬಂಧಗಳನ್ನು ರಚಿಸಿದ್ದರು ಎಂದು ನನಗೆ ಹೇಳಿದವರು ಈ ತಮಿಳು ಸಾರ್. ಮೈಸೂರಿನಲ್ಲಿ ಎರಡು ವರ್ಷ ಎಂ.ಟೆಕ್. ಓದಿದ ನನಗೆ ಗೊತ್ತಿರಲಿಲ್ಲ.

ಅವರು ಓಪನಿಂಗ್ ಕಲಿಸಲೇ ಇಲ್ಲ. ಬೋರ್ಡಿನಿಂದ ಎಲ್ಲ ತೆಗೆದು ಮೂರೇ ಕಾಯಿ ಇಟ್ಟರು. ಬಿಳಿ ರಾಜ ಇ4ರಲ್ಲಿ, ಅದರ ಹಿಂದೆ ಇ3ರಲ್ಲಿ ಬಿಳಿ ಕಾಲಾಳು, ಎದುರಿಗೆ ಇ6ರಲ್ಲಿ ಕಪ್ಪು ರಾಜ. ಇಬ್ಬರು ರಾಜರ ನಡುವೆ ಒಂದೇ ಖಾಲಿ ಮನೆ. "ಯಾರು ಗೆಲ್ಲುತ್ತಾರೆ?" ಒಂದು ಕಾಲಾಳು ಹೆಚ್ಚಿದೆ, ಬಿಳಿ ಅಂದೆ. "ಯಾರ ಸರದಿ ಅಂತ ಕೇಳಲೇ ಇಲ್ಲವಲ್ಲಮ್ಮಾ." ಸರದಿ ಕಪ್ಪಿನದಾದರೆ ಕಪ್ಪು ರಾಜ ಪಕ್ಕಕ್ಕೆ ಸರಿಯಲೇಬೇಕು, ಬಿಳಿ ರಾಜ ಇನ್ನೊಂದು ಕಡೆಯಿಂದ ನುಗ್ಗಿ ಕಾಲಾಳಿಗೆ ದಾರಿ ಮಾಡಿಕೊಡುತ್ತಾನೆ, ಗೆಲುವು. ಸರದಿ ಬಿಳಿಯದಾದರೆ ಬಿಳಿ ರಾಜನೇ ಸರಿಯಬೇಕು, ಕಪ್ಪು ರಾಜ ಪ್ರತಿ ಸಲ ಎದುರಿಗೆ ಬಂದು ನಿಲ್ಲುತ್ತಾನೆ, ಆಟ ಡ್ರಾ. ಅವೇ ಕಾಯಿ, ಅವೇ ಮನೆ. ಇದಕ್ಕೆ ಆಪೊಸಿಷನ್ ಅನ್ನುತ್ತಾರೆ. ಅದನ್ನು ಸಾರ್ ಜೊತೆ ಕಪ್ಪು ಬಿಳಿ ಬದಲಾಯಿಸಿಕೊಂಡು ನಲವತ್ತು ಸಲ ಆಡಿರಬಹುದು. ಅವರ ಹೆಂಡತಿ ತಂದಿಟ್ಟ ಕಾಫಿ ಆರಿಹೋಗುತ್ತಿತ್ತು. ಅಲ್ಲಿ ಕಾಫಿ ಕುಡಿಯುವವಳು ನಾನಾಗಿದ್ದೆ ಎಂಬುದು ಎಷ್ಟೋ ವಾರಗಳ ಮೇಲೆ ಹೊಳೆಯಿತು.

ಎರಡನೆಯ ಷರತ್ತು ಒಂದು ನೋಟ್‌ಬುಕ್. ವಾರಕ್ಕೆ ಮೂರೇ ಆಟ, ಪ್ರತಿಯೊಂದೂ ಕನಿಷ್ಠ ಅರ್ಧ ಗಂಟೆಯದು. ಆಟ ಮುಗಿದ ಮೇಲೆ ಎಂಜಿನ್ ಮುಟ್ಟುವ ಹಾಗಿಲ್ಲ. ಮೊದಲು ನನ್ನ ಕೈಬರಹದಲ್ಲಿ, ಎಲ್ಲಿ ತಿರುವು ಬಂತು ಅನ್ನಿಸುತ್ತದೋ ಅಲ್ಲಿ, ಆ ನಡೆ ಆಡುವಾಗ ನನ್ನ ತಲೆಯಲ್ಲಿ ಏನಿತ್ತು ಎಂದು ಬರೆಯಬೇಕು. ನಡೆ ಸರಿಯೋ ತಪ್ಪೋ ಎಂದಲ್ಲ, ತಲೆಯಲ್ಲಿ ಏನಿತ್ತು ಎಂದು. ಎಂಜಿನ್ ಮಾರನೆಯ ದಿನ.

ಇದು ನನಗೆ ಹೊಸದೇನೂ ಆಗಿರಬಾರದಿತ್ತು. ಆಫೀಸಿನಲ್ಲಿ ರಾತ್ರಿ ಸರ್ವರ್ ಬಿದ್ದರೆ ಮಾರನೆಯ ದಿನ ಪೋಸ್ಟ್‌ಮಾರ್ಟಮ್ ಸಭೆ ನಡೆಸುವವಳು ನಾನೇ. ಹೊಸ ಹುಡುಗರು ಹೆದರಿ ಕೂತಿರುತ್ತಾರೆ. ನಾನು ಪ್ರತಿ ಸಲ ಅದೇ ಮಾತಿನಿಂದ ಶುರು ಮಾಡುತ್ತೇನೆ: ಯಾರು ಮಾಡಿದರು ಎಂಬುದು ಬೇಡ, ಆ ಕಮಾಂಡ್ ಕೊಡುವಾಗ ನಿನ್ನ ಸ್ಕ್ರೀನಿನಲ್ಲಿ ಏನು ಕಾಣುತ್ತಿತ್ತು, ಏನಾಗುತ್ತದೆ ಅಂದುಕೊಂಡಿದ್ದೆ, ಅದನ್ನು ಹೇಳು. ಇದಕ್ಕೆ ನನಗೆ ಒಳ್ಳೆಯ ಹೆಸರೂ ಇದೆ. ಇಪ್ಪತ್ತಾರರ ಹುಡುಗನಿಗೆ ಕೊಡುವ ಈ ಸೌಜನ್ಯವನ್ನು ಎಂಟು ವರ್ಷದ ಮಗನಿಗೆ ಒಂದು ಭಾನುವಾರವೂ ಕೊಟ್ಟಿರಲಿಲ್ಲ. ನೋಟ್‌ಬುಕ್ಕಿನ ಐದನೆಯೋ ಆರನೆಯೋ ಪುಟ ಬರೆಯುವಾಗ ಇದು ತಲೆಗೆ ಬಂತು. ಅವತ್ತು ಮುಂದೆ ಬರೆಯಲಾಗಲಿಲ್ಲ.

ನೋಟ್‌ಬುಕ್ಕಿಗೇ ಬರುತ್ತೇನೆ. ಮೂರು ತಿಂಗಳಲ್ಲಿ 22 ಸೋಲು ಬರೆದಿದ್ದೆ. ನಾನು ಅಂದುಕೊಂಡಿದ್ದು ಓಪನಿಂಗ್ ಗೊತ್ತಿಲ್ಲದೆ ಸೋಲುತ್ತಿದ್ದೇನೆ ಎಂದು. ಓಪನಿಂಗಿನಲ್ಲಿ ಸೋತದ್ದು ಎರಡು ಆಟ. ಹದಿನಾಲ್ಕು ಆಟಗಳಲ್ಲಿ ಒಂದೇ ಕಥೆ, ನನ್ನ ನಡೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೇನೆ, ಎದುರಾಳಿಯ ಕೊನೆಯ ನಡೆ ಯಾಕೆ ಬಂತು ಎಂಬುದರ ಬಗ್ಗೆ ಒಂದು ಪದ ಇಲ್ಲ. ಅವರೊಬ್ಬರು ಅಲ್ಲಿ ಕೂತಿದ್ದಾರೆ ಎಂಬುದೇ ನನ್ನ ಗಮನದಲ್ಲಿರಲಿಲ್ಲ. ಇನ್ನುಳಿದ ಆರರಲ್ಲಿ ಗೆಲ್ಲುತ್ತಿದ್ದೇನೆ ಅನ್ನಿಸಿದ ಮೇಲೆ ಬೇಗ ಬೇಗ ಆಡಿ ಸೋತದ್ದು. ಸಾರ್ ಓದಿ, "ಸರಿ, ಇನ್ನು ಮೇಲೆ ಅವರು ಕಾಯಿ ಮುಟ್ಟಿದ ಕೂಡಲೇ ನೀನು ಕೈಯನ್ನ ತೊಡೆ ಕೆಳಗೆ ಇಟ್ಟುಕೊ" ಅಂದರು. ಈಗಲೂ ಹಾಗೇ ಕೂರುತ್ತೇನೆ. ನೋಡುವವರಿಗೆ ಚಳಿ ಆಗುತ್ತಿದೆಯೇನೋ ಅನ್ನಿಸಬೇಕು. ರೇಟಿಂಗ್ ಆರು ತಿಂಗಳಲ್ಲಿ 1100 ದಾಟಿತು.

ಮಕ್ಕಳಿಗೆ ಬರುವ ವೇಗ ನಮಗೆ ಯಾಕೆ ಬರುವುದಿಲ್ಲ ಎಂದು ಬಹಳ ತಲೆ ಕೆಡಿಸಿಕೊಂಡಿದ್ದೆ. ನೆನಪಿನ ಶಕ್ತಿಯೇ ಇರಬೇಕು ಅನ್ನಿಸುತ್ತದಲ್ಲ? ನೆದರ್‌ಲೆಂಡ್ಸಿನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಬಲವಾದ ಆಟಗಾರರಿಗೆ ಒಂದು ಆಟದ ನಡುವಿನ ಸ್ಥಿತಿಯನ್ನು ಕೆಲವೇ ಸೆಕೆಂಡು ತೋರಿಸಿ ಮರೆಮಾಡಿದ. ಅವರು ಹೆಚ್ಚುಕಡಿಮೆ ಎಲ್ಲ ಕಾಯಿಗಳನ್ನೂ ಸರಿಯಾಗಿ ಜೋಡಿಸಿದರು. ಅಮೆರಿಕದ ಚೇಸ್ ಮತ್ತು ಸೈಮನ್ 1973ರಲ್ಲಿ ಇದನ್ನು ಮುಂದುವರಿಸಿದಾಗ, ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದರೆ ಮಾಸ್ಟರುಗಳೂ ಹೊಸಬರೂ ಹೆಚ್ಚುಕಡಿಮೆ ಒಂದೇ. ಮಾಸ್ಟರ್ ನೋಡುವುದು ಬಿಡಿ ಕಾಯಿಗಳನ್ನಲ್ಲ, ಹಿಂದೆ ನೂರಾರು ಸಲ ಕಂಡ ಗುಂಪುಗಳನ್ನು. ನಾವು ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುವುದಿಲ್ಲವಲ್ಲ, ಹಾಗೆ. ನಾನಿಲ್ಲಿ ತಮಿಳು ಓದಲು ಕಲಿತದ್ದು ಇಪ್ಪತ್ತೇಳರಲ್ಲಿ. ಇವತ್ತಿಗೂ ಬಸ್ ನಿಲ್ದಾಣದಲ್ಲಿ ಕನ್ನಡದ ಬೋರ್ಡ್ ಕಂಡರೆ ಅದು ತಾನಾಗಿ ಓದಿಸಿಕೊಳ್ಳುತ್ತದೆ, ತಮಿಳಿನದಕ್ಕೆ ಅರೆ ಕ್ಷಣ ಬೇಕು. ಬಿ6ಕ್ಕೆ ಮಂತ್ರಿ ಬಂದದ್ದು ಆ ಎರಡು ಜಡೆಯ ಹುಡುಗಿಗೆ ಕನ್ನಡ, ನನಗೆ ತಮಿಳು. ಓದಲು ಬರುತ್ತದೆ, ಆದರೆ ಬಸ್ಸು ಹೋಗಿರುತ್ತದೆ.

ನಿಧಾನಕ್ಕೆ ಕಲಿತದ್ದರ ಫಲ ಒಂದು ದಿನ ಮಾತ್ರ ಭರ್ಜರಿಯಾಗಿ ಸಿಕ್ಕಿತು. 2024ರ ಡಿಸೆಂಬರ್ 12, ಸಿಂಗಾಪುರದಲ್ಲಿ ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವೆ ಕೊನೆಯ, 14ನೇ ಆಟ. ಇಬ್ಬರದೂ ಆರೂವರೆ ಪಾಯಿಂಟ್. ಸಾರ್ ಮನೆಯಲ್ಲಿ ಟಿವಿ ಮುಂದೆ ಏಳೆಂಟು ಜನ ಇದ್ದೆವು. ಗುಕೇಶ್ ಬಳಿ ಒಂದು ಕಾಲಾಳು ಹೆಚ್ಚಿತ್ತು, ಆದರೂ ಎಲ್ಲರೂ ಡ್ರಾ ಎಂದು ಎದ್ದೇಳುವ ಹೊತ್ತು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಸರಿಸಿದರು. ಕಾಮೆಂಟರಿಯವರು ಕೂಗಿಕೊಂಡರು. ನಾನು ಟಿವಿಯ ಧ್ವನಿಗೆ ಕಾಯದೆ ನೋಡಿದೆ: ಆನೆಗೆ ಆನೆ ಹೊಡೆದುಕೊಂಡರೆ, ಮೂಲೆಯಲ್ಲಿ ಸಿಕ್ಕಿಕೊಂಡಿರುವ ಡಿಂಗ್‌ರ ಒಂಟೆಗೆ ಗುಕೇಶ್‌ರ ಒಂಟೆ ಡಿ5ರಲ್ಲಿ ಎದುರು ನಿಲ್ಲುತ್ತದೆ, ತಪ್ಪಿಸಿಕೊಳ್ಳಲು ಮನೆ ಇಲ್ಲ, ಅದೂ ಹೋದರೆ ಉಳಿಯುವುದು ರಾಜರು ಮತ್ತು ಕಾಲಾಳುಗಳು. ಆ ಮೂರು ಕಾಯಿಯ ಬೋರ್ಡ್! "ಸಾರ್, ಆಪೊಸಿಷನ್" ಎಂದು ಕಿರುಚಿದೆ. ಮೂರು ನಡೆಯ ನಂತರ ಡಿಂಗ್ ಸೋಲೊಪ್ಪಿದರು, ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆಗಿ ಬೋರ್ಡಿನ ಮುಂದೆ ಕೂತು ಅಳುತ್ತಿದ್ದ. ಆ ತಪ್ಪು ತನಗೂ ಕೂಡಲೇ ಕಾಣಲಿಲ್ಲ ಎಂದು ಗುಕೇಶ್ ಆಮೇಲೆ ಹೇಳಿದರು. ಮನೆಗೆ ಬಂದಾಗ ಮಗ ಎದ್ದಿದ್ದ. ಸುದ್ದಿ ಹೇಳಿದೆ. "ಹೌದಾ? ಡಿಂಗ್ ಪಾಪ" ಅಂದ.

ಪಂದ್ಯಾವಳಿಗೆ ವಾಪಸ್ ಬರೋಣ. ಮೊದಲ ನಾಲ್ಕು ಸುತ್ತಿನಲ್ಲಿ ಮೂರು ಸೋಲು, ಒಂದು ಡ್ರಾ. ಐದನೆಯದರಲ್ಲಿ ಎದುರಾಳಿ ಬರಲೇ ಇಲ್ಲ, ಬಿಟ್ಟಿ ಪಾಯಿಂಟ್. ಆರನೇ ಸುತ್ತಿಗೆ ಹದಿಮೂರರ ಹುಡುಗ, ಮೇಲ್ತುಟಿಯ ಮೇಲೆ ಸಣ್ಣಗೆ ಮೀಸೆ. ಮೂರು ಗಂಟೆ ಆಡಿದೆವು. ಕಾಯಿಗಳೆಲ್ಲ ಹೊಡೆದುಕೊಂಡು ಹೋಗಿ ಕೊನೆಗೆ ನನ್ನದೊಂದು ಕಾಲಾಳು, ಇಬ್ಬರ ರಾಜರು. ಅವನು ಡ್ರಾ ಕೇಳಿದ. ನಾನು ಕೈಗಳ ಮೇಲೆ ಕೂತು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ನನ್ನ ರಾಜನನ್ನು ಅವನ ರಾಜನ ಎದುರಿಗೆ, ನಡುವೆ ಒಂದು ಮನೆ ಬಿಟ್ಟು ನಿಲ್ಲಿಸಿದೆ. ಸರದಿ ಅವನದು. ಅವನು ಬಹಳ ಹೊತ್ತು ನೋಡಿ, ಗಡಿಯಾರ ನಿಲ್ಲಿಸಿ, ಕೈ ಚಾಚಿದ. ನನ್ನ ಜೀವನದಲ್ಲಿ ಪ್ರಮೋಶನ್ ಬಂದ ದಿನವೂ ಅಷ್ಟು ಖುಷಿಯಾಗಿರಲಿಲ್ಲ. ಕಾಲು ನಡುಗುತ್ತಿತ್ತು.

ಹೊರಗೆ ಬಂದರೆ ಮೆಟ್ಟಿಲ ಹತ್ತಿರ ಅದೇ ಹುಡುಗ, ಅವನ ಅಪ್ಪ. ಅಪ್ಪ ಆಗಲೇ ಸ್ಕೋರ್‌ಶೀಟನ್ನು ಫೋನಿಗೆ ಹಾಕಿದ್ದರು. ಪರದೆಯ ಕೆಂಪು ನನಗೆ ದೂರದಿಂದಲೇ ಕಂಡಿತು. "ಇದು ಡ್ರಾ ಇತ್ತು. ಇಲ್ಲಿ ನೋಡು. ಡ್ರಾ ಇತ್ತು. ಅವರಿಗೆ ರೇಟಿಂಗೂ ಇಲ್ಲ." ಹುಡುಗ ಶೂ ಲೇಸ್ ನೋಡುತ್ತಿದ್ದ. ಏನಾದರೂ ಹೇಳಬೇಕು ಅನ್ನಿಸಿತು. ನಿಮ್ಮ ಮಗ ತುಂಬ ಚೆನ್ನಾಗಿ ಆಡಿದ ಸಾರ್ ಎಂದಾದರೂ. ಆದರೆ ಅವನನ್ನು ಸೋಲಿಸಿದವಳು ನಾನೇ, ಅದು ಯಾವ ಬಾಯಿಂದ ಬರಬೇಕು? ನೀರಿನ ಬಾಟಲಿ ತೆಗೆದುಕೊಂಡು ವೆಯಿಟಿಂಗ್ ಏರಿಯಾದ ಕಡೆಗೇ ಹೋಗಿ ಕೂತೆ. ಅಲ್ಲಿ ಟಿಫಿನ್ ಡಬ್ಬಿ, ಸ್ವೆಟರ್, ಗ್ಲೂಕೋಸ್ ಹಿಡಿದ ಅಮ್ಮಂದಿರು. ಒಬ್ಬರು ಜರುಗಿ ಜಾಗ ಮಾಡಿಕೊಟ್ಟು, "ಮುಗೀತಾ? ನಿಮ್ಮದು ಹುಡುಗನಾ ಹುಡುಗಿನಾ?" ಎಂದು ಕೇಳಿದರು.

ಒಂಬತ್ತರಲ್ಲಿ ಮೂರು ಪಾಯಿಂಟ್ ಬಂತು. ರೇಟಿಂಗ್ ಬರಲಿಲ್ಲ.

ಆ ಪಂದ್ಯಾವಳಿಯ ನಂತರದ ಭಾನುವಾರ ಹಳೆಯ ಫೈಲು ಹುಡುಕಿದೆ. ಮಗನ ಸ್ಕೋರ್‌ಶೀಟ್‌ಗಳಲ್ಲಿ ಕಳೆದುಹೋಗದೆ ಉಳಿದಿದ್ದವು ಹನ್ನೊಂದು. ಲ್ಯಾಪ್‌ಟಾಪ್ ತೆರೆಯದೆ ಬೋರ್ಡ್ ಮೇಲೆ ಒಂದೊಂದಾಗಿ ಆಡಿ ನೋಡಿದೆ. ಅವನ ಕೊನೆಯ ಪಂದ್ಯಾವಳಿಯ ಒಂದು ಆಟದಲ್ಲಿ 17ನೇ ನಡೆಗೆ ಕುದುರೆಯನ್ನು ಸುಮ್ಮನೆ ಕೊಟ್ಟುಬಿಟ್ಟಿದ್ದಾನೆ. ಆ ಸಾಲಿನ ಪಕ್ಕ ನನ್ನದೇ ಕೆಂಪು ಪೆನ್ನಿನ ಸುತ್ತು, ಮೂರು ಸಲ ತಿದ್ದಿದ್ದು. ಅವತ್ತು ನಾನು ಏನಂದಿದ್ದೆ ಎಂಬುದು ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಈಗ ಬೋರ್ಡಿನ ಮೇಲೆ ಇಟ್ಟು ನೋಡಿದರೆ ಆ ಕುದುರೆ ಸುಮ್ಮನೆ ಹೋಗಿರಲಿಲ್ಲ. ಅದನ್ನು ಹೊಡೆದರೆ ಎದುರಾಳಿಯ ರಾಜನ ಮುಂದಿನ ಕಾಲಾಳು ಸರಿಯುತ್ತದೆ, ಒಂಟೆಗೆ ಓಣಿ ತೆರೆಯುತ್ತದೆ, ಮಂತ್ರಿ ಎಚ್5ಕ್ಕೆ ಬರುತ್ತದೆ, ಆನೆ ಹಿಂದೆ ಕಾಯುತ್ತಿದೆ. ಎದುರಾಳಿಗೆ ಉಳಿದಿದ್ದು ಒಂದೇ ಉತ್ತರ, ಒಂದು ಒಂಟೆ ಹಿಂದೆ ಬಂದು ಅಡ್ಡ ನಿಲ್ಲುವುದು. ಆ ಒಂದನ್ನು ಅವನು ನೋಡಿರಲಿಲ್ಲ. ಉಳಿದ ನಾಲ್ಕು ನಡೆ ನೋಡಿದ್ದ. ಎಂಟು ವರ್ಷಕ್ಕೆ. ನಾನು ಇವತ್ತಿಗೂ ಎರಡಕ್ಕಿಂತ ಮುಂದೆ ಸರಿಯಾಗಿ ನೋಡಲಾರೆ.

ಅವನು ಕ್ರಿಕೆಟ್ ಬ್ಯಾಟ್ ಹಿಡಿದು ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತಿದ್ದ. ಈಗ ಹತ್ತು ತುಂಬಿದೆ. "ಒಂದು ನಿಮಿಷ ಬಾರೋ ಇಲ್ಲಿ" ಅಂದೆ. ಬಂದು ನಿಂತ. ಬೋರ್ಡ್ ನೋಡಿದ. "ಇದು ನಿನ್ನ ಆಟ. ಈ ಕುದುರೆ ಇಲ್ಲಿ ಹಾಕುವಾಗ ಏನು ಅಂದ್ಕೊಂಡಿದ್ದೆ?"

ಅವನು ಬೋರ್ಡಿನ ಮೇಲೆ ಬಗ್ಗಿದ. ಒಂದು ಕ್ಷಣ ಬೆರಳು ಎಚ್5ರ ಕಡೆ ಹೋಯಿತು ಅನ್ನಿಸಿತು, ನನ್ನ ಭ್ರಮೆಯೂ ಇರಬಹುದು.

"ನೆನಪಿಲ್ಲಮ್ಮ" ಅಂದ. "ಕೆಳಗೆ ಎಲ್ಲಾ ಕಾಯ್ತಿದ್ದಾರೆ, ಹೋಗ್ಲಾ?"